ನೀವು ಕೇಳಿದ್ರಿ: ಶಾಂಪೇನ್ ಕೌಂಟಿ ಹೊಲದಾಗಿನ ನೀರು ಎಲ್ಲಿ ಹೋತು?

ಈ ತಿಂಗಳ ಟಪಾಲಿನ್ಯಾಗ ಸಿಂಧನೂರಿಂದ ಒಂದು ಪತ್ರ ಬಂತು, ಅದನ್ನ ಯಾರೋ ಓದುಗರ ವಾಟ್ಸಾಪ್ ಗುಂಪಿಗೆ ಹಾಕಿದ್ರು, ಅಲ್ಲಿಂದ ಪ್ರಶ್ನೆ ಮ್ಯಾಲೆ ಪ್ರಶ್ನೆ. ಹಂಗಾಗಿ ಈ ಸಲ ಇದೊಂದ ವಿಷಯ. ಸಕ್ಕರೆ ಕಾಯಿಲೆಗೆ ನವಣಿ ಅನ್ನ ನಡೀತೈತಾ ಅಂತ ಕೇಳಿದೋರು ಮುಂದಿನ ಸಂಚಿಕೆ ತನಕ ತಡಕೋರಿ.

ಪ್ರಶ್ನೆ: ಮಗ ಅಮೆರಿಕದ ಇಲಿನಾಯ್ ರಾಜ್ಯದಾಗ ಅರ್ಬಾನಾ ಅನ್ನೋ ಊರಾಗ ಅದಾನ್ರಿ, ಬ್ಯಾಸಿಗ್ಯಾಗ ನಾನೂ ನಮ್ಮ ಮನಿಯವ್ರೂ ಹೋಗಿದ್ವಿ. ಊರು ದಾಟಿದ್ರ ಸಾಕು, ಕಣ್ಣು ಹೋಗೋ ತನಕ ಮೆಕ್ಕೆಜೋಳ, ಸೋಯಾಬೀನ್. ಮಣ್ಣು ನಮ್ಮ ಎರಿ ಹೊಲದಂಗ ಕರ್ರಗ. ಬದು ಇಲ್ಲ, ನೀರು ಹಾಯಿಸೋ ಕಾಲುವಿ ಇಲ್ಲ, ಮಂದೀನೂ ಇಲ್ಲ! 1850ರ ತನಕ ಇದೆಲ್ಲಾ ಹೆಚ್ಚು ಕಡಿಮಿ ಬೀಳ ಬಿದ್ದಿತ್ತಂತ ಅಲ್ಲೊಬ್ರು ಹೇಳಿದ್ರು. ಇಂಥಾ ಭೂಮಿ ಯಾಕ ಯಾರೂ ಉಳ್ಲಿಲ್ಲ?
— ನಿವೃತ್ತ ಶಿಕ್ಷಕಿ, ಸಿಂಧನೂರು

ಉತ್ತರ: ಅಕ್ಕಾರೆ, ನೀವು ನೋಡಿ ಬಂದಿದ್ದು ಶಾಂಪೇನ್ ಕೌಂಟಿ (ಕೌಂಟಿ ಅಂದ್ರ ನಮ್ಮ ಜಿಲ್ಲಾ ಇದ್ದಂಗ), ಅರ್ಬಾನಾ ಅದರ ಮುಖ್ಯ ಊರು. ಶಿಕಾಗೋದಿಂದ ದಕ್ಷಿಣಕ್ಕ ಇನ್ನೂರು ಚಿಲ್ಲರೆ ಕಿಲೋಮೀಟರ್, ವಿಸ್ತೀರ್ಣ ಸುಮಾರು 2,600 ಚದರ ಕಿ.ಮೀ., ನಮ್ಮ ತಾಲೂಕಿಗಿಂತ ದೊಡ್ಡದು, ಜಿಲ್ಲಾಕ್ಕಿಂತ ಸಣ್ಣದು. ಯಾಕ ಬೀಳ ಬಿತ್ತು ಅಂದ್ರ ನೀರು. ನಮ್ಮ ಕಡೆ ನೀರಿಲ್ಲದ್ದಕ್ಕ ಹೊಲ ಬೀಳ ಬೀಳ್ತಾವ, ಅಲ್ಲಿ ನೀರು ಹೆಚ್ಚಾಗಿ ಬೀಳ ಬಿದ್ದಿತ್ತು.

ಸುಮಾರು ಇಪ್ಪತ್ತು ಸಾವಿರ ವರ್ಷದ ಹಿಂದ ಉತ್ತರದಿಂದ ಬಂದ ಹಿಮದ ರಾಶಿ ಆ ಸೀಮಿ ಮ್ಯಾಲೆ ಕುಂತಿತ್ತು. ಕರಗಿ ಹಿಂದ ಸರಿಯೋವಾಗ ತಾನು ನೂಕ್ಕೊಂಡು ಬಂದಿದ್ದ ಮಣ್ಣು ಕಲ್ಲು ಉದ್ದುದ್ದ ದಿಬ್ಬ ಮಾಡಿ ಬಿಟ್ಟು ಹೋತು. ದಿಬ್ಬ ಅಂದ್ರ ಕೊಪ್ಪಳದ ಗವಿಮಠದ ಗುಡ್ಡ ಅನ್ಕೋಬ್ಯಾಡ್ರಿ, ಕಾರ್ ಓಡಿಸೋರಿಗೆ ಏರು ಅಂತ ಗೊತ್ತೂ ಆಗಲ್ಲ. ಆ ದಿಬ್ಬಗಳ ನಡುವಿನ ತಗ್ಗಿನ್ಯಾಗ ನೀರು ನಿಲ್ತಿತ್ತು. ಅದರ ಮ್ಯಾಲೆ ಗಾಳಿ ತಂದ ನುಣ್ಣನ ಧೂಳು ಮಣ್ಣು ಕುಂತು, ಸಾವಿರಾರು ವರ್ಷ ಆಳುದ್ದ ಹುಲ್ಲು ಬೆಳದು, ಒಣಗಿ, ಸುಟ್ಟು, ಬೇರು ಒಳಗ ಕೊಳತು ಕಪ್ಪಾತು. ಕಸ್ಕಾಸ್ಕಿಯಾ, ಆಂಬ್ರಾ ನದಿ ಹುಟ್ಟೋದು ಇದೇ ಕೌಂಟಿನ್ಯಾಗ, ಒಂದು ಮಿಸಿಸಿಪ್ಪಿಗೆ ಹೋಗ್ತೈತಿ, ಇನ್ನೊಂದು ವಾಬಾಶ್ ನದಿಗೆ. ಸಾಲ್ಟ್ ಫೋರ್ಕ್ ಅನ್ನೋ ಮತ್ತೊಂದು ಪೂರ್ವಕ್ಕ ಹೊಕ್ಕೈತಿ. ಮೂರು ದಿಕ್ಕಿಗೆ ನದಿ ಹೊಂಟ್ರೂ ನೀರು ಯಾಕ ನಿಲ್ಲಬೇಕು ಅಂತೀರಿ? ನದಿ ಹುಟ್ಟೋ ಜಾಗದಾಗ ಅದಕ್ಕ ಇನ್ನೂ ಪಾತ್ರ ಇರಂಗಿಲ್ಲ, ಇಳಿಜಾರಂತೂ ಇಲ್ಲೇ ಇಲ್ಲ. ಮಳಿ ವರ್ಷಕ್ಕ ಸುಮಾರು 1,000 ಮಿ.ಮೀ., ಅಂದ್ರ ನಮ್ಮದರ ಒಂದೂವರೆ ಎರಡು ಪಟ್ಟು, ಮ್ಯಾಲೆ ಚಳಿಗಾಲದ ಹಿಮ ಕರಗಿದ ನೀರು. ವಸಂತದಾಗ ಬಿತ್ತೋ ಹೊತ್ತಿಗೆ ಎಷ್ಟೋ ಹೊಲ ಕೆರಿ ಆಗಿರ್ತಿದ್ವು.

ನಿಂತ ನೀರಿದ್ದಲ್ಲಿ ಸೊಳ್ಳಿ, ಸೊಳ್ಳಿ ಇದ್ದಲ್ಲಿ ಮಲೇರಿಯಾ. ಆಗ ಅಲ್ಲಿ ಚಳಿಜ್ವರ ಅಂದ್ರ ಮನಿಮನಿ ಮಾತು. ಹಗಲಿಗೆ ಕಡಿಯೋ ನೊಣದ ಕಾಟಕ್ಕ ಕುದುರಿ ಹುಚ್ಚೆದ್ದು ಹೋಗ್ತಾವಂತ ಪ್ರಯಾಣ ಮಾಡೋರು ರಾತ್ರಿ ಹೊಂಡ್ತಿದ್ರು. ಹುಲ್ಲು ಒಣಗೋ ಕಾಲಕ್ಕ ಬೆಂಕಿ ಬಿದ್ರ ಮೈಲುಗಟ್ಟಲೆ ಓಡ್ತಿತ್ತು. ಮರ ಬೆಳೀದ ಮಣ್ಣಿನ್ಯಾಗ ಸತ್ವ ಇಲ್ಲ ಅನ್ನೋ ನಂಬಿಕಿ ಬ್ಯಾರೆ. ಹಂಗಾಗಿ 1820ರ ದಶಕದಾಗ ಬಂದ ಮೊದಲಿನ ಒಕ್ಕಲಿಗರು ಬಯಲಿಗೆ ಇಳೀಲೇ ಇಲ್ಲ, ಅರ್ಬಾನಾ ಹತ್ರ ಇದ್ದ ಬಿಗ್ ಗ್ರೋವ್ ಅನ್ನೋ ಕಾಡು, ಸಾಲ್ಟ್ ಫೋರ್ಕ್ ದಂಡಿ ಕಾಡು, ಇಂಥಾ ಮರದ ತೋಪಿನ ಅಂಚಿಗೆ ಮನಿ ಕಟ್ಟಿದ್ರು. ಮನಿಗೆ, ಬೇಲಿಗೆ, ಒಲಿಗೆ ಎಲ್ಲಾದಕ್ಕೂ ಕಟ್ಟಿಗಿ ಬೇಕಲ್ಲ. 1833ರಾಗ ಕೌಂಟಿ ಅಂತ ಆತು, ಆದ್ರೂ 1850ರ ಜನಗಣತಿನ್ಯಾಗ ಇಡೀ ಕೌಂಟಿಗೆ 2,600 ಚಿಲ್ಲರೆ ಮಂದಿ.

ನೇಗಿಲ ಕಥಿ ನಿಮಗ ಗೊತ್ತಿರ್ಬೋದು. ಎರಕದ ಕಬ್ಬಿಣದ ನೇಗಿಲಿಗೆ ಆ ಜಿಗುಟು ಮಣ್ಣು ಅಂಟ್ಕೊಂಡು ನಾಕು ಹೆಜ್ಜಿಗೊಮ್ಮೆ ನಿಂತು ಕೆರೀಬೇಕಿತ್ತು, 1837ರಾಗ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಊರಾಗ ಜಾನ್ ಡಿಯರ್ ಅನ್ನೋ ಕಮ್ಮಾರ ನುಣುಪು ಉಕ್ಕಿನ ನೇಗಿಲು ಮಾಡಿದ, ಮಣ್ಣು ತಾನಾಗೇ ಜಾರಿ ಬೀಳಾಕ ಹತ್ತಿತು. ಆದ್ರೂ ಮೊದಲ ಸಲ ಆ ಹುಲ್ಲಿನ ಬೇರು ಹರಿಯಾಕ ಮೂರು, ನಾಕು, ಕೆಲವು ಕಡೆ ಆರು ಜೋಡಿ ಎತ್ತು ಹೂಡ್ಬೇಕಿತ್ತು, ನಮ್ಮ ಹಿರೇರು ಕರಿಕಿ ಕೀಳಾಕ ದೊಡ್ಡ ರಂಟಿ ಹೊಡೀತಿದ್ದಂಗ. ಎಲ್ಲಾರೂ ಈ ನೇಗಿಲಿನ ಮ್ಯಾಲೇನ ಕಥಿ ಮುಗಿಸ್ತಾರ, ನನಗ ಅದು ಅರ್ಧಾ ಕಥಿ ಅನಿಸ್ತೈತಿ. ಉಕ್ಕಿನ ನೇಗಿಲಾದ್ರೂ ನೀರೊಳಗ ಹೆಂಗ ಹೊಡೀತೀರಿ?

ಪ್ರಶ್ನೆ: ಅದೇ ಕೇಳ್ಬೇಕು ಅಂತಿದ್ದೆ. ಆ ನೀರು ಹೊರಗ ಹಾಕಿದ್ದು ಹೆಂಗ? ನಮ್ಮ ಆರು ಎಕರೆದಾಗ ಎರಡು ಎಕರೆ ಸವಳು ಜವಳು ಆಗಿ (ಉಪ್ಪೇರಿ, ನೀರು ನಿಂತು) ಭತ್ತಾನೂ ಹಿಡಿವಲ್ದು.
— ರೈತ, ಗಂಗಾವತಿ ತಾಲೂಕು

ಉತ್ತರ: ಮಣ್ಣಿನ ಕೊಳವಿಯಿಂದ. ಹೆಂಚು ಸುಟ್ಟಂಗ ಸುಟ್ಟಿದ್ದು, ಒಂದಡಿ ಉದ್ದ, ನಾಕೈದು ಇಂಚು ಅಗಲ. ಮೂರ್ನಾಕು ಅಡಿ ಆಳಕ್ಕ ಸಣ್ಣ ಕಾಲುವಿ ತೋಡಿ, ತಳದಾಗ ಕೊಳವಿನ ಒಂದರ ತುದಿಗೆ ಒಂದು ತಾಗಿಸಿ ಇಟ್ಕೊಂತ ಹೋಗೋದು. ಸಂದಿಗೆ ಗಾರೆ ಹಾಕಂಗಿಲ್ಲ, ಆ ಸಂದಿನ್ಯಾಗಿಂದನ ಮಣ್ಣಿನ ನೀರು ಒಳಗ ಇಳೀಬೇಕು. ಮ್ಯಾಲೆ ಮಣ್ಣು ಮುಚ್ಚಿದ್ರ ಬೆಳಿ ಅದರ ಮ್ಯಾಲೇನ. ಅಕ್ಕಾರಿಗೆ ಹೊಲದಾಗ ಕಾಲುವಿ ಕಾಣ್ಲಿಲ್ಲ ಅಂದ್ರಲ್ಲ, ಎಲ್ಲಾ ನೆಲದ ಒಳಗ ಅದಾವ. ತೋಡಿದ್ದೆಲ್ಲ ಮೊದಮೊದಲು ಕೈಯಾಗ, ಉದ್ದನ ಕಿರಿದಾದ ಸಲಿಕಿ ಹಿಡ್ಕೊಂಡು, ಇಳಿಜಾರು ಒಂದೀಟು ತಪ್ಪಿದ್ರ ಹೂಳು ತುಂಬಿ ಮುಗೀತು ಕಥಿ. ಕೊಳವಿ ಸುಡೋ ಭಟ್ಟಿ ಆ ಸೀಮಿನ್ಯಾಗ ಊರೂರಿಗೆ ಎದ್ವು. ಉಗಿಯಂತ್ರದ ತೋಡೋ ಮಷಿನ್ ಬಂದಿದ್ದು 1890ರ ದಶಕಕ್ಕ.

ಆದ್ರ ಕೊಳವಿಗಿಂತ ದೊಡ್ಡ ತಕರಾರು ಬ್ಯಾರೆ ಇತ್ತು. ನನ್ನ ಹೊಲದ ನೀರು ನಾನು ತೆಗದ್ರ ಅದು ಹೋಗೋದು ಎಲ್ಲಿಗೆ, ಪಕ್ಕದೋನ ಹೊಲಕ್ಕ. ಅವನು ಸುಮ್ನ ಕುಂತಾನಾ? ನದಿ ತನಕ ದೊಡ್ಡ ನಾಲಾ ತೋಡಾಕ ಹತ್ತಾರು ಮಂದಿ ಹೊಲ ದಾಟ್ಬೇಕು, ಒಬ್ಬ ಒಲ್ಲೆ ಅಂದ್ರ ಎಲ್ಲಾ ನಿಂತ್ವು. ಅದಕ್ಕ ಇಲಿನಾಯ್‌ನೋರು 1878ರಾಗ ರಾಜ್ಯದ ಸಂವಿಧಾನನ ತಿದ್ದಿ, 1879ರಾಗ ಬಸಿಗಾಲುವೆ ಕಾಯ್ದೆ ಮಾಡಿದ್ರು. ಬೇಕಾದಷ್ಟು ಭೂಮಾಲೀಕರು ಸಹಿ ಹಾಕಿ ಅರ್ಜಿ ಕೊಟ್ರ ಆ ಪ್ರದೇಶಾನ ಒಂದು ಬಸಿಗಾಲುವೆ ಜಿಲ್ಲೆ ಅಂತ ಮಾಡೋದು, ಕಮಿಷನರ್‌ಗಳು ನಾಲಾ ತೋಡಿಸೋದು, ಯಾರ ಹೊಲಕ್ಕ ಎಷ್ಟು ಲಾಭ ಅಂತ ಲೆಕ್ಕ ಹಾಕಿ ಅಷ್ಟು ತೆರಿಗಿ ಹಾಕೋದು. ಒಲ್ಲೆ ಅಂದೋನೂ ಕಟ್ಟಲೇಬೇಕು. ಇದು ಜುಲುಮಿ ಅಲ್ಲೇನ್ರಿ ಅಂತ ಒಬ್ರು ಗುಂಪಿನ್ಯಾಗ ಕೇಳಿದ್ರು. ಜುಲುಮಿನ ಹೌದು, ಆದ್ರ ಇದಿಲ್ಲಂದ್ರ ಆ ಕೌಂಟಿ ಇವತ್ತಿಗೂ ಜೊಂಡು ಹುಲ್ಲೇ ಅಂತ ನನ್ನ ಅಭಿಪ್ರಾಯ. ಅಮೆರಿಕದ ರೈತ ಅಂದ್ರ ಒಬ್ಬನ ನಿಂತು ಗೆದ್ದೋನು ಅಂತ ನಾವು ತಿಳ್ಕೊಂಡಿರ್ತೀವಿ, ಅಲ್ಲಿ ಹೊಲ ಆಗಿದ್ದು ಒಟ್ಟಾಗಿ ಸಾಲ ಮಾಡಿ ಒಟ್ಟಾಗಿ ತೆರಿಗಿ ಕಟ್ಟಿದ್ದಕ್ಕ.

ಈಗ ನಿಮ್ಮ ಎರಡು ಎಕರೆ. ತುಂಗಭದ್ರಾ ಯೋಜನೆನ್ಯಾಗ 1953ರಾಗ ಕಾಲುವಿಗೆ ನೀರು ಬಿಟ್ಟಾಗ ಜೋಳ, ಹತ್ತಿ, ಶೇಂಗಾದಂಥ ಕಡಿಮಿ ನೀರಿನ ಬೆಳಿ ಅಂತಾನ ಹೆಚ್ಚಿನ ಪ್ಲಾನ್ ಇತ್ತು, ಕಾಲುವಿ ಮ್ಯಾಲಿನ ಭಾಗದ ರೈತರು ಭತ್ತ ಹಚ್ಚಿದ್ರು, ಎರಿ ಮಣ್ಣು ನೀರು ಇಂಗಿಸ್ಕೊಳ್ಳೋದು ಕಡಿಮಿ, ಕೆಳಗಿನ ನೀರು ಮ್ಯಾಲೆ ಬಂತು, ಜೋಡಿಗೆ ಉಪ್ಪನ್ನೂ ತಂತು. ಕೆಳಗ ಮಾನ್ವಿ, ರಾಯಚೂರು ಕಡೆ ಕಾಲುವಿ ಕಡೀ ತುದಿ (ಟೇಲ್ ಎಂಡ್) ರೈತರಿಗೆ ನೀರೇ ಮುಟ್ಟವಲ್ದು, ಅದು ಬ್ಯಾರೆ ಜಗಳ, ಇಲ್ಲಿ ಬ್ಯಾಡ. ನಿಮ್ಮೂರ ಹತ್ರಾನ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಾಗ ಇದೇ ಸವಳು ಜವಳಿನ ಮ್ಯಾಲೆ ಎಷ್ಟೋ ವರ್ಷದಿಂದ ಕೆಲಸ ನಡದೈತಿ, ತೂತಿನ ಪಿವಿಸಿ ಪೈಪಿಗೆ ಫಿಲ್ಟರ್ ಬಟ್ಟಿ ಸುತ್ತಿ ನೆಲದಾಗ ಹಾಕೋದು, ಶಾಂಪೇನ್ ಕೊಳವಿ ಕೆಲಸಾನ ಅದೂ ಮಾಡೋದು. ಮೊದಲು ಮಣ್ಣು ಪರೀಕ್ಷೆ ಮಾಡಿಸ್ರಿ. ಬರೀ ಬಿಳೀ ಉಪ್ಪು ಕಟ್ಟಿದ್ರ ನೀರು ಕಟ್ಟಿ ತೊಳದು ಬಸಿದು ಹೋಗಂಗ ಮಾಡ್ಬೇಕು, ಪಿಎಚ್ 8.5 ದಾಟಿ ಮಣ್ಣು ಕಲ್ಲಾಗಿದ್ರ ಜಿಪ್ಸಂ ಬೇಕಾಗ್ತೈತಿ. ಪರೀಕ್ಷೆ ಇಲ್ದ ಅಂಗಡಿಯೋರ ಮಾತಿಗೆ ಜಿಪ್ಸಂ ಚೀಲ ಹೊತ್ಕೊಂಡು ಬರಬ್ಯಾಡ್ರಿ. ಒಬ್ರ ಹೊಲದಾಗ ಪೈಪ್ ಹಾಕಿದ್ರೂ ನೀರು ಬೀಳಾಕ ಹಳ್ಳ ಬೇಕು, ಹಳ್ಳ ಹೂಳು ತುಂಬಿದ್ರ ಪೈಪ್ ದಂಡ, ಅಂದ್ರ ಮತ್ತ ಪಕ್ಕದೋರನ್ನ ಕರೀಲೇಬೇಕು, ನಿಮ್ಮ ನೀರು ಬಳಕೆದಾರರ ಸಂಘದಾಗ ಈ ಮಾತು ಎತ್ರಿ.

ಮತ್ತೊಂದು ಹೇಳ್ಬೇಕು, ಇಲ್ಲಂದ್ರ ಬರೀ ಹೊಗಳಿದಂಗ ಆಗ್ತೈತಿ. ಇಲಿನಾಯ್‌ನ ಜೌಗು ನೆಲದಾಗ ಸುಮಾರು ಶೇ. 90 ಹೋಗೇ ಬಿಟ್ಟಾವ. ಆ ಕೊಳವಿನ್ಯಾಗ ಈಗ ಗೊಬ್ಬರದ ನೈಟ್ರೇಟೂ ಹರೀತೈತಿ, ಮಿಸಿಸಿಪ್ಪಿ ಹಿಡ್ಕೊಂಡು ಮೆಕ್ಸಿಕೋ ಕೊಲ್ಲಿ ತನಕ ಹೋಗಿ ಅಲ್ಲಿ ಸಮುದ್ರದ ನೀರಿನ್ಯಾಗ ಆಮ್ಲಜನಕ ಇಲ್ಲದಂಗ ಮಾಡ್ತೈತಿ.

ಪ್ರಶ್ನೆ: ನಾನು ಬಳ್ಳಾರಿ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಇಟ್ಟವನು. ಬೆಳೆದದ್ದು ಸರಿ, ಮಾರಿದ್ದೆಲ್ಲಿ? ರೈಲು ಇರಲಿಲ್ಲ, ರಸ್ತೆ ಇರಲಿಲ್ಲ.
— ಬಳ್ಳಾರಿ

ಉತ್ತರ: ದಲ್ಲಾಳಿಗಳ ಪ್ರಶ್ನೆನ ಸರಿಯಾದ ಪ್ರಶ್ನೆ. ಕೆಸರಿನ್ಯಾಗ ಮೆಕ್ಕೆಜೋಳದ ಗಾಡಿ ನೂರು ಮೈಲು ಹೊಡದ್ರ ಬಾಡಿಗಿಗೇ ಮಾಲಿನ ದುಡ್ಡು ಮುಗೀತಿತ್ತು. ಅದಕ್ಕ ಅವ್ರು ಜೋಳನ ಮಾರ್ತಿರ್ಲಿಲ್ಲ, ಹಂದಿಗೆ ದನಕ್ಕ ತಿನಿಸಿ ದಪ್ಪ ಮಾಡಿ ಅವನ್ನ ನಡಿಸ್ಕೊಂಡು ಹೋಗಿ ಮಾರ್ತಿದ್ರು. ಬಯಲಿನ ಹುಲ್ಲು ಪುಕ್ಕಟೆ, ಜೋಳ ತೋಪಿನ ಅಂಚಿನ್ಯಾಗ ಬೆಳದಿದ್ದು. ದನದ ಹಿಂಡು ಶಿಕಾಗೋಕ್ಕ, ಕೆಲವು ಪೂರ್ವಕ್ಕ ಒಹಾಯೋ ದಾಟಿ ವಾರಗಟ್ಟಲೆ ನಡೀತಿದ್ವು.

1850ರಾಗ ಕೇಂದ್ರ ಸರ್ಕಾರ ಇಲಿನಾಯ್ ಸೆಂಟ್ರಲ್ ರೈಲಿಗೆ ಅಂತ ಸುಮಾರು 26 ಲಕ್ಷ ಎಕರೆ ಭೂಮಿ ಬಿಟ್ಟುಕೊಡ್ತು. ಹಳಿ ಅಕ್ಕಪಕ್ಕ ಒಂದು ಬಿಟ್ಟು ಒಂದು ಚೌಕ ಕಂಪನಿಗೆ, ಉಳಿದಿದ್ದು ಸರ್ಕಾರಕ್ಕ. ಸರ್ಕಾರ ಎಕರೆಗೆ 1.25 ಡಾಲರ್ ಇದ್ದ ರೇಟನ್ನ ಅಲ್ಲಿ 2.50 ಮಾಡಿ ಕಳಕೊಂಡಿದ್ದನ್ನ ವಸೂಲಿ ಮಾಡ್ತು, ಎಂಥಾ ಲೆಕ್ಕ ನೋಡ್ರಿ! ಕಂಪನಿ ತನ್ನ ಪಾಲನ್ನ ಸಾಲದ ಮ್ಯಾಲೆ ಕಂತಿನ ಲೆಕ್ಕದಾಗ ಮಾರ್ತು, ಜರ್ಮನಿ, ನಾರ್ವೆ, ಸ್ವೀಡನ್ ತನಕ ಏಜೆಂಟರನ್ನ ಕಳಿಸ್ತು. 1854ಕ್ಕ ರೈಲು ಬಂತು, ಅರ್ಬಾನಾ ಊರೊಳಗ ಬರ್ಲಿಲ್ಲ, ಎರಡು ಮೈಲು ಪಶ್ಚಿಮಕ್ಕ ಸ್ಟೇಷನ್ ಹಾಕಿದ್ರು, ಸ್ಟೇಷನ್ ಸುತ್ತ ಬೆಳದ ಊರೇ ಶಾಂಪೇನ್ ಪಟ್ಟಣ, ಈಗ ಹಳೇ ಊರಿಗಿಂತ ದೊಡ್ಡದು. ಹತ್ತು ವರ್ಷದಾಗ, 1860ರ ಗಣತಿಗೆ, ಕೌಂಟಿ ಮಂದಿ 14,600 ದಾಟಿದ್ರು. ಶಿಕಾಗೋದಾಗ 1848ಕ್ಕ ಬೋರ್ಡ್ ಆಫ್ ಟ್ರೇಡ್ ಅನ್ನೋ ಕಾಳಿನ ವ್ಯಾಪಾರ ಕೇಂದ್ರ ಶುರುವಾಗಿತ್ತು, ಅಲ್ಲಿಂದ ಮುಂದ ಕಾಳು ಚೀಲದಾಗ ಅಲ್ಲ, ಗ್ರೇಡ್ ಮಾಡಿ ದೊಡ್ಡ ಕಣಜಕ್ಕ ಸುರುವಿ ಚೀಟಿ ಮ್ಯಾಲೆ ವ್ಯಾಪಾರ. ನಮ್ಮ ಕಡೆ ಬೊಂಬಾಯಿ ರೈಲೂ ಮದ್ರಾಸ್ ರೈಲೂ ರಾಯಚೂರಿನ್ಯಾಗ ಕೂಡಿದ್ದು 1871ಕ್ಕ.

ಪ್ರಶ್ನೆ: ನಮ್ದು ಸಿಂಧನೂರು ಹತ್ರ ಕ್ಯಾಂಪ್. ತುಂಗಭದ್ರಾ ಡ್ಯಾಂ ಆದ್ಮೇಲೆ ನಮ್ಮ ತಾತ ಗೋದಾವರಿ ಕಡೆಯಿಂದ ಬಂದು ಇಲ್ಲಿ ಜಮೀನು ತಗೊಂಡ್ರು. ಅಲ್ಲೂ ಹಿಂಗೆ ಹೊರಗಿಂದ ಬಂದವ್ರೇ ಮಾಡಿದ್ದಾ?
— ಪದವಿ ವಿದ್ಯಾರ್ಥಿ

ಉತ್ತರ: ಹೌದಪ್ಪ, ಒಂದು ಉದಾಹರಣಿ ಬಾಳ ಹತ್ರ ಬರ್ತೈತಿ. ಕೌಂಟಿಯ ಈಶಾನ್ಯ ಮೂಲಿನ್ಯಾಗ ಫ್ಲ್ಯಾಟ್‌ವಿಲ್ ಅಂತ ಊರು, ಅಲ್ಲಿ ನೀರು ಎಷ್ಟು ನಿಲ್ತಿತ್ತಂದ್ರ ಮೊದಲು ಬಂದೋರು ಕೈ ಹಚ್ಚಿರ್ಲಿಲ್ಲ. ಜರ್ಮನಿಯ ಉತ್ತರ ಸಮುದ್ರದ ದಂಡಿ ಓಸ್ಟ್‌ಫ್ರೀಸ್‌ಲ್ಯಾಂಡ್ ಅಂತ ಸೀಮಿ ಐತಿ, ಅಲ್ಲಿ ಮಂದಿ ತಲತಲಾಂತರದಿಂದ ಸಮುದ್ರದ ನೀರಿಗೆ ಒಡ್ಡು ಹಾಕಿ, ನಾಲಾ ತೋಡಿ ಬದುಕಿದೋರು. ಅವ್ರು ಬಂದು ಈ ಜೌಗು ತಗೊಂಡ್ರು, ಯಾರಿಗೂ ಬ್ಯಾಡಾಗಿದ್ದ ನೆಲ ಕೌಂಟಿಯ ಚಲೋ ಹೊಲ ಆದ್ವು. ನಿಮ್ಮ ತಾತನಂಥೋರೂ ಗದ್ದಿ ಮಾಡೋ ವಿದ್ಯೆ ಕಲತ ಬಂದಿದ್ರು, ಇಲ್ಲಿ ಒಣ ಬ್ಯಾಸಾಯದೋರಿಗೆ ಕಾಲುವಿ ನೀರು ಹೊಸದು, ಸಾಲ ತಗೊಂಡು ಹೊಲ ಸಮ ಮಾಡೋ ಧೈರ್ಯಾನೂ ಎಲ್ಲಾರಿಗೂ ಇರ್ಲಿಲ್ಲ. ಫರಕ್ ಏನಂದ್ರ ಅವ್ರು ನೀರು ಹೊರಗ ಹಾಕಾಕ ಬಂದ್ರು, ನಿಮ್ಮೋರು ನೀರು ಒಳಗ ತಗೊಳ್ಳಾಕ ಬಂದ್ರು. ಆ ಹೊತ್ತಿನ್ಯಾಗ ಕಡಿಮಿ ರೇಟಿಗೆ ಹೊಲ ಕೊಟ್ಟು ಆಮ್ಯಾಲೆ ಅದೇ ಹೊಲದಾಗ ಕೂಲಿಗೆ ಹೋದ ಇಲ್ಲಿಯೋರ ಮನಿ ಕಥೀನೂ ಒಮ್ಮೆ ಕೇಳು.

ಪ್ರಶ್ನೆ: ಗೂಗಲ್ ಮ್ಯಾಪ್‌ನಲ್ಲಿ ಆ ಕೌಂಟಿ ನೋಡಿದೆ, ಪೂರ್ತಿ ಚೌಕ ಚೌಕ. ಊರುಗಳು ಕಮ್ಮಿ, ಒಂದೊಂದು ಹೊಲಕ್ಕೆ ಒಂದೊಂದು ಮನೆ. ಯಾಕೆ?
— ರಾಯಚೂರು

ಉತ್ತರ: ಮಂದಿ ಬರೋಕಿಂತ ಮೊದಲ ಗೆರಿ ಬಂದಿದ್ವು, ಅದಕ್ಕ. 1785ರ ಭೂಮಿ ಕಾಯ್ದೆ ಪ್ರಕಾರ ಆರು ಮೈಲು ಉದ್ದ ಆರು ಮೈಲು ಅಗಲದ ಟೌನ್‌ಶಿಪ್, ಅದರಾಗ 36 ಸೆಕ್ಷನ್, ಒಂದು ಸೆಕ್ಷನ್ ಅಂದ್ರ ಒಂದು ಚದರ ಮೈಲು, 640 ಎಕರೆ. ಅದರಾಗಿನ ಕಾಲು ಭಾಗ 160 ಎಕರೆ ಒಂದು ಮನೆತನದ ಹೊಲ ಅಂತ ಲೆಕ್ಕ. 16ನೇ ಸೆಕ್ಷನ್ ಸಾಲಿಗೆ (ಶಾಲೆಗೆ) ಮೀಸಲು. ರಸ್ತೆ ಸೆಕ್ಷನ್ ಗೆರಿ ಮ್ಯಾಲೆ ಹಾಕಿದ್ರು, ಮನಿ ರಸ್ತೆ ದಂಡಿಗೆ ಹೊಲದಾಗ ಕಟ್ಟಿದ್ರು. ನಮ್ಮಲ್ಲಿ ಬಳ್ಳಾರಿ ಸೇರಿದ ಸೀಡೆಡ್ ಜಿಲ್ಲೆಗಳಿಗೆ (ನಿಜಾಮ ಕಂಪನಿ ಸರ್ಕಾರಕ್ಕ ಬಿಟ್ಟುಕೊಟ್ಟ ಸೀಮಿ) ಥಾಮಸ್ ಮನ್ರೋ 1800ರಿಂದ 1807ರ ತನಕ ಕಲೆಕ್ಟರ್ ಆಗಿದ್ದ, ಅವನೂ ಹೊಲ ಅಳತಿ ಮಾಡಿಸಿದ, ಆದ್ರ ಇಲ್ಲಿ ಊರು, ಹೊಲ, ಹಳ್ಳ, ಗುಡಿ ಎಲ್ಲಾ ಮೊದಲ ಇದ್ವು, ಇದ್ದ ಬದುವಿನ ಪ್ರಕಾರ ಅಳೀಬೇಕಾತು. ಕಂದಾಯ ಯಾರಿಂದ ಎಷ್ಟು ಅಂತ ಅವನ ಚಿಂತಿ, ಅಲ್ಲಿಯೋರಿಗೆ ಭೂಮಿ ಮಾರೋ ಚಿಂತಿ.

ಪ್ರಶ್ನೆ: "ಬೀಳು" ಅಂತೀರಲ್ಲ, ಅಲ್ಲಿ ಮೂಲ ನಿವಾಸಿಗಳು ಇರಲಿಲ್ವಾ?
— ಕೊಪ್ಪಳ

ಉತ್ತರ: ಇದ್ರು. ಕಿಕಪೂ, ಪೊಟವಾಟಮಿ ಮಂದಿ ಅಲ್ಲಿ ಬ್ಯಾಟಿ ಆಡ್ತಿದ್ರು, ಮೆಕ್ಕೆಜೋಳ ಬೆಳೀತಿದ್ರು, ಹುಲ್ಲಿಗೆ ಬೆಂಕಿ ಹಚ್ಚಿ ಬಯಲನ್ನ ಬಯಲಾಗಿ ಇಟ್ಟಿದ್ದೂ ಸ್ವಲ್ಪ ಅವ್ರೇ. 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದದಾಗ ಕಿಕಪೂಗಳಿಂದ ಮಧ್ಯ ಇಲಿನಾಯ್ ಬರಸ್ಕೊಂಡು ಮಿಸಿಸಿಪ್ಪಿ ಆಚಿಗೆ ದಾಟಿಸಿದ್ರು. 1838ರ ಸೆಪ್ಟೆಂಬರ್‌ನಾಗ ಇಂಡಿಯಾನಾದಿಂದ ಸುಮಾರು 850 ಪೊಟವಾಟಮಿಗಳನ್ನ ಬಂದೂಕಿನ ಕಾವಲಿನ್ಯಾಗ ಕಾನ್ಸಾಸ್‌ಗೆ ನಡಿಸಿದ್ರು, ದಾರಿ ಇದೇ ಕೌಂಟಿ ಮ್ಯಾಲೆ ಹಾದಿತ್ತು. ದಾರ್‍ಯಾಗ ನಲವತ್ತಕ್ಕಿಂತ ಹೆಚ್ಚು ಮಂದಿ ಸತ್ರು, ಹೆಚ್ಚಿನೋವು ಕೂಸುಗಳು. ಹಂಗಾಗಿ ನಿಮ್ಮ ಆಕ್ಷೇಪ ಸರಿ, ಬೀಳು ಅನ್ನೋದು ಆಮ್ಯಾಲೆ ಬಂದೋರ ಲೆಕ್ಕ.

ಪ್ರಶ್ನೆ: ದನದ ವ್ಯಾಪಾರ ಅಷ್ಟು ದೊಡ್ಡದಿದ್ದರೆ ಈಗ ಅಲ್ಲಿ ದನ ಯಾಕೆ ಕಾಣಲ್ಲ?
— ಹೈನುಗಾರ, ಸಿರುಗುಪ್ಪ

ಉತ್ತರ: ಎರಡು ಕಾರಣ. ನೀರು ಬಸಿದ ಮ್ಯಾಲೆ ಹುಲ್ಲುಗಾವಲು ಮೆಕ್ಕೆಜೋಳದ ಹೊಲ ಆತು, ಅದರ ಮುಂದ ದನದ ಲೆಕ್ಕ ಹತ್ಲಿಲ್ಲ. ಇನ್ನೊಂದು ಒಬ್ಬನ ಕಥಿ, ಕೇಳೋಹಂಗೈತಿ. ಮೈಕಲ್ ಸಲಿವಂಟ್ ಅನ್ನೋ ಶ್ರೀಮಂತ ಈ ಕೌಂಟಿನ್ಯಾಗ ಬ್ರಾಡ್‌ಲ್ಯಾಂಡ್ಸ್ ಅಂತ ಇಪ್ಪತ್ತು ಸಾವಿರ ಎಕರೆ ಮೀರಿದ ಫಾರ್ಮ್ ಮಾಡಿದ್ದ, ಅದನ್ನ 1866ರಾಗ ಜಾನ್ ಟಿ. ಅಲೆಕ್ಸಾಂಡರ್ ಅನ್ನೋ ದೊಡ್ಡ ದನದ ವ್ಯಾಪಾರಿ ತಗೊಂಡ. 1868ರಾಗ ಟೆಕ್ಸಾಸ್‌ನಿಂದ ದನ ತರಿಸಿದ್ರು, ಟೆಕ್ಸಾಸ್ ದನ ಗಟ್ಟಿಮುಟ್ಟಿ, ಆದ್ರ ಅವು ಮೇದಲ್ಲಿ ಮೇದ ಸ್ಥಳೀಯ ದನ ಜ್ವರ ಬಂದು ಸಾಲಾಗಿ ಬಿದ್ವು. ಟೊಲೋನೊ ಊರಿನ ಸುತ್ತ ಒಕ್ಕಲಿಗರ ಹಟ್ಟಿ ಖಾಲಿ ಆದ್ವು, ಅಲೆಕ್ಸಾಂಡರ್‌ಗೂ ದೊಡ್ಡ ಪೆಟ್ಟು. ಕಾರಣ ಗೊತ್ತಾಗಿದ್ದು 1893ಕ್ಕ, ಥಿಯೊಬಾಲ್ಡ್ ಸ್ಮಿತ್, ಕಿಲ್ಬೋರ್ನ್ ಇಬ್ರೂ ಕೂಡಿ ಇದು ಉಣ್ಣಿಯಿಂದ ಹರಡೋ ರೋಗ ಅಂತ ತೋರಿಸಿದ್ರು. ನಿಮ್ಮ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಆಕಳಿಗೆ ಜ್ವರ ಬಂದು ಉಚ್ಚಿ ಕೆಂಪಗ ಹೋದ್ರ ಡಾಕ್ಟ್ರು ಮೊದಲು ಮೈಮ್ಯಾಲೆ ಉಣ್ಣಿ ಹುಡುಕ್ತಾರಲ್ಲ, ಅದೇ ಬೆಬೀಸಿಯಾ ರೋಗ. ಜವಾರಿ ದನ ತಡಕೋತಾವ, ಕ್ರಾಸ್ ತಳಿಗೆ ಕಷ್ಟ. ಕೊಟ್ಟಿಗಿ ಗೋಡಿ ಬಿರುಕು ಮುಚ್ಚಿಸ್ರಿ, ಉಣ್ಣಿ ಔಷಧ ತಪ್ಪಿಸಬ್ಯಾಡ್ರಿ.

ಪ್ರಶ್ನೆ: ಅಲ್ಲಿ ಮಣ್ಣು, ನಮ್ಮ ಎರಿ ಎರಡೂ ಕಪ್ಪೇ ಅಲ್ವಾ, ಹಂಗಿದ್ರೆ ಇಳುವರಿ ಯಾಕೆ ಅಷ್ಟು ಫರಕ್? ಎಷ್ಟು ವರ್ಷ ತಡಿತದೆ ಅದು?
— ಕೃಷಿ ಡಿಪ್ಲೊಮಾ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಬಣ್ಣ ಒಂದೇ, ಒಳಗ ಬ್ಯಾರೆ. ಅಲ್ಲಿ ಕಪ್ಪು ಬಂದಿದ್ದು ಹುಲ್ಲಿನ ಬೇರಿನ ಸಾವಯವದಿಂದ, ನಮ್ಮಲ್ಲಿ ಸಾವಯವ ಇಂಗಾಲ ಶೇಕಡಾ ಒಂದಕ್ಕಿಂತ ಕಡಿಮಿ, ಕಲ್ಲು ಸವದು ಆದ ಉಬ್ಬೋ ಜೇಡಿನ ಜಾಸ್ತಿ, ಅದಕ್ಕ ಬ್ಯಾಸಿಗ್ಯಾಗ ಕೈ ಹೋಗೋವಷ್ಟು ಬಿರಿತೈತಿ. ಎಷ್ಟು ವರ್ಷ ತಡಿತೈತಿ ಅಂತ ನೋಡಾಕನ 1876ರಾಗ ಇಲಿನಾಯ್ ವಿಶ್ವವಿದ್ಯಾಲಯದೋರು ಅರ್ಬಾನಾದಾಗ ಮಾರೋ ಪ್ಲಾಟ್ಸ್ ಅಂತ ಹೊಲ ಶುರು ಮಾಡಿದ್ರು, ಅಮೆರಿಕ ಖಂಡದಾಗನ ಹಳೇ ಬೆಳಿ ಪ್ರಯೋಗದ ಹೊಲ ಅದು. ಒಂದು ಮಡಿನ್ಯಾಗ ಅವತ್ತಿಂದ ಬರೀ ಮೆಕ್ಕೆಜೋಳ, ಇನ್ನೊಂದರಾಗ ಬೆಳಿ ಬದಲಿ. ಗೊಬ್ಬರ ಇಲ್ದ ವರ್ಷ ವರ್ಷ ಜೋಳಾನ ಹಾಕಿದಲ್ಲಿ ಇಳುವರಿ ಕುಸೀತು, ಬೆಳಿ ಬದಲಿ ಮಾಡಿದಲ್ಲಿ ತಡೀತು, ಅಂಥಾ ಮಣ್ಣೇ ಪುಕ್ಕಟೆ ಎಷ್ಟು ಕೊಟ್ಟೀತು. 1960ರ ದಶಕದಾಗ ಪಕ್ಕದಾಗ ಹೊಸ ಲೈಬ್ರರಿ ಕಟ್ಟೋವಾಗ ಈ ಹೊಲದ ಮ್ಯಾಲೆ ನೆಳ್ಳು ಬೀಳಬಾರ್ದು ಅಂತ ಇಡೀ ಲೈಬ್ರರಿನ ನೆಲದ ಕೆಳಗ ಕಟ್ಟಿದ್ರು. ಹೋಗೋ ಅವಕಾಶ ಸಿಕ್ರ ಜುಲೈನ್ಯಾಗ ಹೋಗು, ಜನವರಿನ್ಯಾಗ ಹೋದ್ರ ಬರೀ ಹಿಮ ಕಾಣ್ತೈತಿ.